ನಿಜ ಹೇಳಿದವರ ಜೊತೆ ಚೌಕಾಸಿ

ಹಳೆಯ ಕಾರು ಕೊಳ್ಳಲು ಹೊರಟವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ಓಡಿದೆ?" ಬಣ್ಣ, ಮಾಡೆಲ್, ಎಷ್ಟನೇ ಓನರ್ ಎಂಬುದೆಲ್ಲ ಆಮೇಲಿನ ಮಾತು. ಕಳೆದ ವರ್ಷ ಮೈಸೂರು, ಮಂಡ್ಯ, ಬೆಂಗಳೂರುಗಳಲ್ಲಿ ಮೂರು ತಿಂಗಳು ಕಾರು ಹುಡುಕಿದ ನಾನೂ ಅದನ್ನೇ ಕೇಳುತ್ತಿದ್ದೆ. ಬಂದ ಉತ್ತರಗಳಲ್ಲಿ ಒಂದು ವಿಚಿತ್ರ ಹೋಲಿಕೆಯಿತ್ತು. ಹತ್ತು ವರ್ಷ ಹಳೆಯ ಡೀಸೆಲ್ ಕಾರುಗಳು ಹೆಚ್ಚುಕಡಿಮೆ ಎಲ್ಲವೂ 60ರಿಂದ 80 ಸಾವಿರ ಕಿಲೋಮೀಟರಿನ ನಡುವೆಯೇ ಓಡಿದ್ದವು. ಪೆಟ್ರೋಲಿಗಿಂತ ಹೆಚ್ಚು ಹಣ ಕೊಟ್ಟು ಡೀಸೆಲ್ ಕಾರು ತೆಗೆದುಕೊಳ್ಳುವವರು ಸಾಮಾನ್ಯವಾಗಿ ಹೆಚ್ಚು ಓಡಿಸಲೆಂದೇ ತೆಗೆದುಕೊಳ್ಳುತ್ತಾರೆ. ಹಾಗಿದ್ದೂ ನಾನು ನೋಡಿದ ಕಾರುಗಳೆಲ್ಲ ವರ್ಷಕ್ಕೆ ಏಳು ಸಾವಿರ ಕಿಲೋಮೀಟರು ಓಡಿ, ಉಳಿದ ದಿನ ಶೆಡ್ಡಿನಲ್ಲಿ ಮಲಗಿದ್ದವು ಎಂದು ನಂಬಬೇಕಿತ್ತು.

ಓಡೋಮೀಟರ್ ಎಂಬುದು ಒಂದು ಕಾಲದಲ್ಲಿ ಗೇರ್‌ಬಾಕ್ಸಿನಿಂದ ಬಂದ ಕೇಬಲ್ಲು ತಿರುಗಿಸುವ ಅಂಕಿಗಳ ಸಾಲಾಗಿತ್ತು. ಅನೇಕ ಹಳೆಯ ಕಾರುಗಳಲ್ಲಿ ಐದೇ ಅಂಕಿ. 99,999 ಮುಗಿದ ಮೇಲೆ ಮತ್ತೆ ಸೊನ್ನೆ. ಕಾರಿಗೆ ತಾನಾಗಿ ಪುನರ್ಜನ್ಮ ಸಿಗುತ್ತಿತ್ತು, ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ. ಈಗ ಆ ಅಂಕಿ ಒಂದು ಚಿಪ್ಪಿನಲ್ಲಿ ಕೂತಿದೆ. ಲ್ಯಾಪ್‌ಟಾಪ್ ಹಿಡಿದು ಬರುವ ಜಾಣನಿಗೆ ಅದನ್ನು ಹಿಂದಕ್ಕೆ ತಳ್ಳುವುದು ದೊಡ್ಡ ಕೆಲಸವೇನಲ್ಲ. ಆದರೆ ಬ್ರೇಕ್ ಪೆಡಲ್ಲಿನ ರಬ್ಬರು ಹಿಂದಕ್ಕೆ ಹೋಗುವುದಿಲ್ಲ. ಸ್ಟೀರಿಂಗ್ ಮೇಲೆ ಕೈ ಇಟ್ಟಲ್ಲಿ ಕಂಡ ಹೊಳಪು, ಡ್ರೈವರ್ ಸೀಟಿನ ಬಲಗಡೆಯ ಕುಸಿದ ಅಂಚು, ಇವು ಚಿಪ್ಪಿನ ಮಾತು ಕೇಳುವುದಿಲ್ಲ. ನಾನು ನೋಡಿದ ಒಂದು ಕಾರು 74,000 ತೋರಿಸುತ್ತಿತ್ತು. ಅದರ ಪೆಡಲ್ಲು ಮಾತ್ರ ಸವೆದು ಸವೆದು ದೇವಸ್ಥಾನದ ಹೊಸ್ತಿಲಿನ ಹಾಗೆ ನುಣುಪಾಗಿತ್ತು.

ಇನ್ನೂ ಒಂದು ಮಾತಿದೆ. ಅಂಕಿ ನಿಜವಾಗಿದ್ದರೂ ಅದು ಅರ್ಧ ನಿಜವೇ. ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಹೊತ್ತಿನಲ್ಲಿ, ಆಯಿಲ್ ಎಲ್ಲ ಭಾಗಗಳಿಗೂ ಸರಿಯಾಗಿ ತಲುಪುವ ಮೊದಲು. ದಿನಕ್ಕೆ ನಾಲ್ಕು ಸಲ ಸ್ಟಾರ್ಟ್ ಆಗಿ, ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು ನಿಲ್ಲುವ ಕಾರಿನ 50 ಸಾವಿರಕ್ಕೂ, ಬೆಳಗ್ಗೆ ಒಮ್ಮೆ ಸ್ಟಾರ್ಟ್ ಆಗಿ ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಮುನ್ನೂರು ಕಿಲೋಮೀಟರು ಓಡುವ ಕಾರಿನ 50 ಸಾವಿರಕ್ಕೂ ಅಜಗಜಾಂತರ. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನ ವಿಜ್ಞಾನದ ಮೇಷ್ಟ್ರು ಇರ್ವ್ ಗೋರ್ಡನ್ 1966ರಲ್ಲಿ ಕೊಂಡ ವೋಲ್ವೊ ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ, ಎಂದರೆ ಸುಮಾರು 48 ಲಕ್ಷ ಕಿಲೋಮೀಟರು ಓಡಿಸಿದ್ದರು. ಗ್ರೀಸಿನ ಟ್ಯಾಕ್ಸಿ ಚಾಲಕ ಗ್ರಿಗೋರಿಯೋಸ್ ಸಖಿನಿಡಿಸ್ ತನ್ನ 1976ರ ಮರ್ಸಿಡಿಸ್ 240ಡಿ ಕಾರನ್ನು 46 ಲಕ್ಷ ಕಿಲೋಮೀಟರು ಓಡಿಸಿ, 2004ರಲ್ಲಿ ಕಂಪನಿಯ ಮ್ಯೂಸಿಯಮ್ಮಿಗೆ ಕೊಟ್ಟ. ಇವು ಅಪವಾದಗಳೇ ಇರಬಹುದು. ಆದರೆ ಕಾರಿನ ಆಯುಸ್ಸು ಎಷ್ಟು ಓಡಿತು ಎಂಬುದಕ್ಕಿಂತ ಹೇಗೆ ನೋಡಿಕೊಂಡರು ಎಂಬುದರ ಮೇಲೆ ನಿಂತಿದೆ ಎಂದು ತೋರಿಸಲು ಸಾಕು.

ಹಾಗಾದರೆ ಎಲ್ಲರೂ ಆ ಒಂದು ಅಂಕಿಯನ್ನೇ ಯಾಕೆ ಕೇಳುತ್ತೇವೆ? ಬೇರೇನೂ ನಮಗೆ ಕಾಣುವುದಿಲ್ಲ, ಅದಕ್ಕೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧವೊಂದರ ವಿಷಯವೇ ಹಳೆಯ ಕಾರುಗಳ ಸಂತೆ. ಮೂರು ಪತ್ರಿಕೆಗಳು ತಿರಸ್ಕರಿಸಿದ ಆ ಪ್ರಬಂಧ ಕೊನೆಗೆ 2001ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟಿತು. ಅವರ ವಾದ ಸರಳ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಮೋಸದ ಸಾಧ್ಯತೆಯನ್ನೂ ಲೆಕ್ಕ ಹಾಕಿ ಸರಾಸರಿ ಬೆಲೆಯೊಂದನ್ನು ಹೇಳುತ್ತಾನೆ. ಒಳ್ಳೆಯ ಕಾರು ಇಟ್ಟುಕೊಂಡವನಿಗೆ ಆ ಬೆಲೆ ಗಿಟ್ಟುವುದಿಲ್ಲ. ಅವನು ಸಂತೆ ಬಿಟ್ಟು ಹೋಗುತ್ತಾನೆ. ಉಳಿದವರಲ್ಲಿ ಕೆಟ್ಟ ಕಾರುಗಳೇ ಹೆಚ್ಚು, ಬೆಲೆ ಇನ್ನೂ ಇಳಿಯುತ್ತದೆ. ಹೀಗೆ ಕೆಟ್ಟದ್ದು ಒಳ್ಳೆಯದನ್ನು ಹೊರದಬ್ಬುತ್ತದೆ. ನೀತಿಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದನ್ನು ಓದುವಾಗ ಕಾಡಿದ್ದು ಬೇರೆಯೇ ಪ್ರಶ್ನೆ: ಆ ಸಂತೆ ಬಿಟ್ಟು ಹೋಗದೆ, ನಿಜವನ್ನೇ ಹೇಳಿ ನಿಂತ ಒಬ್ಬ ಮಾರಾಟಗಾರ ಎದುರಾದರೆ ಕೊಳ್ಳುವವನು ಏನು ಮಾಡಬೇಕು?

ಅಂಥವರೊಬ್ಬರು ನನಗೆ ಎದುರಾದರು. ಮಂಡ್ಯದ ಕಡೆಯವರು, ಐವತ್ತೆಂಟು ವರ್ಷ, ಟ್ಯಾಕ್ಸಿ ಓಡಿಸಿ ಸಾಕಾಗಿ ನಿಲ್ಲಿಸಿದ್ದರು. 2014ರ ಡೀಸೆಲ್ ಸೆಡಾನ್. ಯೆಲ್ಲೋ ಬೋರ್ಡ್ ಇದ್ದದ್ದನ್ನು ವೈಟ್ ಬೋರ್ಡ್ ಮಾಡಿಸಿದ್ದರು. "ಎಷ್ಟು ಓಡಿದೆ?" ಎಂದೆ. "ಮೂರು ಲಕ್ಷದ ಹನ್ನೆರಡು ಸಾವಿರ. ಮೀಟರಿಗೆ ಕೈ ಹಾಕ್ಸಿಲ್ಲ" ಎಂದರು. ಒಳಗೆ ಹೋಗಿ ಇನ್ನೂರು ಪುಟದ ನೋಟ್‌ಬುಕ್ ತಂದರು. ಯಾವ ಯಾವ ಕಿಲೋಮೀಟರಿಗೆ ಆಯಿಲ್ ಬದಲಾಯಿಸಿದ್ದು, 1,40,000ಕ್ಕೆ ಒಮ್ಮೆ, 2,60,000ಕ್ಕೆ ಇನ್ನೊಮ್ಮೆ ಕ್ಲಚ್ ಪ್ಲೇಟ್ ಹಾಕಿಸಿದ್ದು, ಒಮ್ಮೆ ಶಿರಾಡಿ ಘಾಟಿಯಲ್ಲಿ ರೇಡಿಯೇಟರ್ ಪೈಪು ಒಡೆದದ್ದು, ಎಲ್ಲವೂ ನೀಲಿ ಇಂಕಿನಲ್ಲಿತ್ತು. ಕೇಳಿದ ಬೆಲೆ 2,60,000. ಅದೇ ವರ್ಷದ, 74,000 ತೋರಿಸುತ್ತಿದ್ದ ಆ ನುಣುಪು ಪೆಡಲ್ಲಿನ ಕಾರಿಗೆ 3,90,000 ಕೇಳಿದ್ದರು.

ಜೊತೆಗೆ ಬಂದಿದ್ದ ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ಒಳ್ಳೇದೇ ಆಯ್ತು. ಅವರೇ ಬಾಯಿಬಿಟ್ಟು ಹೇಳಿಬಿಟ್ರು. ಮೂರು ಲಕ್ಷ ಓಡಿದೆ ಅನ್ನೋದನ್ನೇ ಹಿಡ್ಕೊಂಡು ಐವತ್ತು ಸಾವಿರ ಇಳಿಸು." ನನ್ನ ಫೆಲೋಶಿಪ್ ತಿಂಗಳಿಗೆ 37,000. ಹುಣಸೂರಿನಾಚೆಯ ನಮ್ಮೂರಿಗೆ ಸಂಜೆಯ ಮೇಲೆ ಬಸ್ಸಿಲ್ಲ. ಅಪ್ಪನ ಮಂಡಿ ಬಸ್ಸಿನ ಮೆಟ್ಟಿಲು ಹತ್ತುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಐವತ್ತು ಸಾವಿರ ಎಂದರೆ ನನಗೆ ಆಟದ ಮಾತಲ್ಲ. ಗೆಳೆಯ ಹೇಳಿದ್ದರಲ್ಲಿ ಮೋಸವೂ ಇರಲಿಲ್ಲ. ನಾವು ಸುಳ್ಳು ಹೇಳಬೇಕಾಗಿರಲಿಲ್ಲ. ಅವರು ಹೇಳಿದ ನಿಜವನ್ನೇ ತಿರುಗಿ ಅವರ ಮುಂದೆ ಇಟ್ಟರೆ ಸಾಕಿತ್ತು.

ಕೊಡುಕೊಳ್ಳುವಿಕೆಯ ನೀತಿಯನ್ನು ಯೋಚಿಸಿದವರು ಹೆಚ್ಚಾಗಿ ಮಾರುವವನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳ ಕುರಿತು ಬರೆದ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ಬರಗಾಲದ ರೋಡ್ಸ್ ದ್ವೀಪಕ್ಕೆ ವ್ಯಾಪಾರಿಯೊಬ್ಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನಷ್ಟು ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು. ಅದನ್ನು ಹೇಳಿ ಮಾರಬೇಕೋ, ಹೇಳದೆ ಮಾರಬಹುದೋ? ಹೇಳಲೇಬೇಕೆಂದಿಲ್ಲ ಎನ್ನುತ್ತಾನೆ ಬ್ಯಾಬಿಲೋನಿನ ಡಯೋಜೆನಿಸ್. ಹೇಳಲೇಬೇಕು ಎನ್ನುತ್ತಾನೆ ಅವನ ಶಿಷ್ಯ ಆಂಟಿಪೇಟರ್. ಕಾಂಟ್ 1785ರಲ್ಲಿ ತಂದ ಉದಾಹರಣೆಯೂ ಅಂಗಡಿಯವನದೇ: ಏನೂ ಅರಿಯದ ಗಿರಾಕಿಗೂ ಅವನು ಸರಿಯಾದ ಬೆಲೆ ಹೇಳುತ್ತಾನಲ್ಲ, ಅದು ಕರ್ತವ್ಯಕ್ಕಾಗಿಯೋ, ವ್ಯಾಪಾರ ಕೆಡದಿರಲಿ ಎಂದೋ? ನಮ್ಮ 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಕೂಡ ಕೆಲವು ಅಪವಾದಗಳನ್ನು ಬಿಟ್ಟರೆ ಕೊಳ್ಳುವವನಿಗೆ ಹೇಳುವುದು ಇಷ್ಟೇ: ನೋಡಿಕೊಂಡು ಕೊಳ್ಳುವುದು ನಿನ್ನ ಜವಾಬ್ದಾರಿ. ಕೊಳ್ಳುವವನು ಎಚ್ಚರವಾಗಿರಬೇಕು, ಸರಿ. ಅವನು ನ್ಯಾಯವಾಗಿಯೂ ಇರಬೇಕೇ?

ನಮ್ಮ ಮಕ್ಕಳೆಲ್ಲ ಶಾಲೆಯಲ್ಲಿ ಕಲಿಯುವ 'ಗೋವಿನ ಹಾಡು' ಈ ಪ್ರಶ್ನೆಯನ್ನು ಎಂದೋ ಎತ್ತಿದೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ನಾವು ಪುಣ್ಯಕೋಟಿಯ ಸತ್ಯದ ಕಥೆಯೆಂದೇ ಕಲಿತಿದ್ದೇವೆ. ಆದರೆ ಹಸು ತಿರುಗಿ ಬಂದು ನಿಂತ ಆ ಗಳಿಗೆಯಲ್ಲಿ ಅದರ ಪರೀಕ್ಷೆ ಮುಗಿದಿರುತ್ತದೆ. ಆಮೇಲೆ ಪರೀಕ್ಷೆಯೆಲ್ಲ ಹುಲಿಯದು. ಒಪ್ಪಂದದ ಪ್ರಕಾರ ಹಸುವನ್ನು ತಿನ್ನುವುದು ಅದರ ಹಕ್ಕು. ಹಸಿವೂ ನಿಜ, ಮಾತು ಕೊಟ್ಟದ್ದೂ ನಿಜ. ಹಾಗಿದ್ದೂ ಮಾತಿಗೆ ನಿಂತು ಬಂದವಳನ್ನು, ಅವಳು ಮಾತಿಗೆ ನಿಂತಳೆಂಬ ಒಂದೇ ಕಾರಣಕ್ಕೆ ಕೈಗೆ ಸಿಕ್ಕಿದ್ದಾಳೆಂದು ತಿನ್ನುವುದು ಹುಲಿಗೆ ಸಾಧ್ಯವಾಗುವುದಿಲ್ಲ. ಸುಳ್ಳು ಹೇಳಿ ಕೊಟ್ಟಿಗೆಯಲ್ಲೇ ಉಳಿದಿದ್ದರೆ ಬದುಕುತ್ತಿದ್ದವಳು ನಿಜದಿಂದಾಗಿ ಸಾಯುವುದಾದರೆ, ಆ ಕಾಡಿನಲ್ಲಿ ಮುಂದೆ ಯಾವ ಹಸುವೂ ತಿರುಗಿ ಬರುವುದಿಲ್ಲ. ಮೀಟರಿಗೆ ಕೈ ಹಾಕಿಸದ ಕಾರಿನ ಮುಂದೆ ನಿಂತ ಗಿರಾಕಿ ಹುಲಿಯ ಜಾಗದಲ್ಲಿ ನಿಂತಿರುತ್ತಾನೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಮೂರು ಲಕ್ಷ ಓಡಿದ ಕಾರು ಒಂದು ಲಕ್ಷ ಓಡಿದ್ದಕ್ಕಿಂತ ಸವೆದಿರುತ್ತದೆ. ಸವೆತಕ್ಕೆ ಕಡಿಮೆ ಕೊಟ್ಟರೆ ಅದರಲ್ಲಿ ಅನ್ಯಾಯವೇನು? ಪ್ರಾಮಾಣಿಕತೆ ಎಂಜಿನ್ನಿನ ರಿಂಗುಗಳನ್ನು ಹೊಸದು ಮಾಡುವುದಿಲ್ಲವಲ್ಲ. ಒಪ್ಪಬೇಕಾದ ಮಾತೇ. ನಾನು ಬೇರೆ ಮಾಡಿ ನೋಡಬೇಕೆನ್ನುವುದು ಎರಡು ಕಡಿತಗಳನ್ನು. ಒಂದು, ಸವೆತಕ್ಕಾಗಿ ಕಡಿತ. ಇನ್ನೊಂದು, ಸವೆತವನ್ನು ಹೇಳಿದ್ದಕ್ಕಾಗಿ ಕಡಿತ. ಮೊದಲನೆಯದನ್ನು ಕಾರಿನಲ್ಲಿ ತೋರಿಸಬಹುದು: ಈ ಟೈರು, ಈ ಬುಷ್ಷು, ಈ ಹೊಗೆ. ಎರಡನೆಯದಕ್ಕೆ ಕಾರನ್ನು ನೋಡುವುದೇ ಬೇಡ. 74,000 ತೋರಿಸುವ ಪಕ್ಕದ ಕಾರನ್ನು ಅಳತೆಗೋಲು ಮಾಡಿಕೊಂಡು ಈ 3,12,000ವನ್ನು ಅಳೆದರೆ ಆಯಿತು. ಹಾಗೆ ಅಳೆದ ಕೂಡಲೇ ಸುಳ್ಳುಗಾರನ ಅಂಕಿ ನಿಜದ ಬೆಲೆಯನ್ನು ಕಟ್ಟಲು ಶುರುಮಾಡುತ್ತದೆ. ನಾನು ಸುಳ್ಳು ಹೇಳಿರುವುದಿಲ್ಲ. ಬೇರೆ ಯಾರೋ ಹೇಳಿದ ಸುಳ್ಳಿನ ಲಾಭ ನನ್ನ ಜೇಬಿಗೆ ಬಂದಿರುತ್ತದೆ, ನಷ್ಟ ನಿಜ ಹೇಳಿದವರ ಪಾಲಿಗೆ ಹೋಗಿರುತ್ತದೆ.

ನನ್ನ ಗೆಳೆಯನಿಗೆ ಇನ್ನೊಂದು ಅನುಮಾನವಿತ್ತು. ಟ್ಯಾಕ್ಸಿಯಾಗಿದ್ದ ಕಾರಿನ ಇತಿಹಾಸ ಹೇಗೂ ದಾಖಲೆಯಲ್ಲಿ ಸಿಗುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲವೆಂದೇ ಅವರು ನಿಜ ಹೇಳಿದರು ಎಂದ. ಇರಬಹುದು. ಆದರೂ ಅವರು 3,12,000ವನ್ನು 1,60,000 ಮಾಡಿಸಬಹುದಿತ್ತು. ಟ್ಯಾಕ್ಸಿಯೇ ಆದರೂ ಅಷ್ಟು ಓಡಿಲ್ಲ ಎನ್ನಬಹುದಿತ್ತು. ಅಲ್ಲದೆ ನಿಜ ಹೇಳಿದವರ ಅಂತರಂಗವನ್ನು ಲೆಕ್ಕ ತಪಾಸಣೆ ಮಾಡುವ ನಾವು, ಸುಳ್ಳು ಹೇಳಿದವನ ಮುಂದೆ ಅಷ್ಟು ಕಟ್ಟುನಿಟ್ಟಾಗಿ ಕೂರುವುದಿಲ್ಲ. ಅವನಿಗೆ "ಕಡಿಮೆ ಓಡಿದೆ, ಚೆನ್ನಾಗಿದೆ" ಎಂದು ಅಡ್ವಾನ್ಸ್ ಕೊಟ್ಟು ಬರುತ್ತೇವೆ.

ಕೊನೆಗೆ ಹೀಗಾಯಿತು. ಕಾರನ್ನು ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆವು. ನಾಲ್ಕು ಟೈರು, ಮುಂದಿನ ಸಸ್ಪೆನ್ಷನ್ ಬುಷ್ಷುಗಳು, ಬ್ಯಾಟರಿ: ಒಟ್ಟು 31,000 ಖರ್ಚಿದೆ ಎಂದರು. ಎಂಜಿನ್ ಚೆನ್ನಾಗಿತ್ತು. ಪಟ್ಟಿಯನ್ನು ಅವರ ಮುಂದಿಟ್ಟೆ. ಓದಿದರು, ಬ್ಯಾಟರಿ ಇನ್ನೂ ಆರು ತಿಂಗಳು ಬರುತ್ತದೆ ಎಂದು ಅದೊಂದನ್ನು ಹೊಡೆದು ಹಾಕಿ, ಉಳಿದದ್ದನ್ನು ಕಳೆದರು. ಮೂರು ಲಕ್ಷದ ಮಾತನ್ನು ನಾನು ಎತ್ತಲಿಲ್ಲ. ಮನೆಗೆ ತಂದಾಗ ಅಪ್ಪ ಕೇಳಿದ್ದು, "ಚೌಕಾಸಿ ಮಾಡ್ದೆ ತಂದ್ಯಾ?"

ಅಪ್ಪನ ಪ್ರಶ್ನೆ ಸಿಸೆರೊನಿಗೂ ಗೊತ್ತಿತ್ತು. ಅದೇ ಪುಸ್ತಕದಲ್ಲಿ ಅವನು ಕ್ವಿಂಟಸ್ ಸ್ಕೇವೊಲಾ ಎಂಬವನನ್ನು ನೆನೆಯುತ್ತಾನೆ. ಜಮೀನೊಂದನ್ನು ಕೊಳ್ಳುವಾಗ ಸ್ಕೇವೊಲಾ, ಒಂದೇ ಬೆಲೆ ಹೇಳಿಬಿಡಿ ಎಂದು ಕೇಳಿದ. ಮಾರುವವನು ಹೇಳಿದ. ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಸ್ಕೇವೊಲಾ ಮೇಲೆ ಒಂದು ಲಕ್ಷ ಸೆಸ್ಟರ್ಸ್ ಸೇರಿಸಿ ಕೊಟ್ಟ. ಅವನು ಒಳ್ಳೆಯವನೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದರೆ ಜಾಣನಲ್ಲ ಎನ್ನುತ್ತಾರೆ, ಎಂದು ಸಿಸೆರೊ ಬರೆಯುತ್ತಾನೆ. ಒಳ್ಳೆಯತನವನ್ನೂ ಜಾಣತನವನ್ನೂ ಹೀಗೆ ಎರಡು ಮಾಡಿಕೊಂಡದ್ದೇ ಕೇಡಿನ ಮೂಲ ಎಂಬುದು ಅವನ ಕೊರಗು. ಸ್ಕೇವೊಲಾನಷ್ಟು ಶಕ್ತಿ ನನಗಿಲ್ಲ. ಒಂದು ರೂಪಾಯಿಯನ್ನೂ ನಾನು ಹೆಚ್ಚಿಗೆ ಕೊಡಲಿಲ್ಲ. ಕೀಳಬಹುದಾಗಿದ್ದ ಒಂದಷ್ಟನ್ನು ಕೀಳಲಿಲ್ಲ, ಅಷ್ಟೆ.

ಒಬ್ಬೊಬ್ಬ ಗಿರಾಕಿಯ ಒಳ್ಳೆಯತನದ ಮೇಲೆ ಸಂತೆ ನಡೆಯುವುದಿಲ್ಲ ಎಂಬುದೂ ನಿಜ. ಬೆಲ್ಜಿಯಂನಲ್ಲಿ 2006ರ ಕೊನೆಯಿಂದ ಕಾರ್-ಪಾಸ್ ಎಂಬ ವ್ಯವಸ್ಥೆಯಿದೆ. ಗ್ಯಾರೇಜು, ಟೈರ್ ಅಂಗಡಿ, ತಪಾಸಣಾ ಕೇಂದ್ರ, ಕಾರು ಎಲ್ಲಿಗೆ ಹೋದರೂ ಅಲ್ಲಿನ ಓಡೋಮೀಟರ್ ಅಂಕಿ ಒಂದು ಕಡೆ ದಾಖಲಾಗುತ್ತದೆ. ಮಾರುವಾಗ ಆ ಚರಿತ್ರೆಯನ್ನು ಕೊಳ್ಳುವವನ ಕೈಗೆ ಕೊಡಲೇಬೇಕು. ಅಲ್ಲಿ ನಿಜ ಹೇಳಲು ಯಾರೂ ಪುಣ್ಯಕೋಟಿಯಾಗಬೇಕಿಲ್ಲ. ನಮ್ಮಲ್ಲಿ ಸದ್ಯಕ್ಕೆ ಇರುವುದು ನೀಲಿ ಇಂಕಿನ ನೋಟ್‌ಬುಕ್ಕು, ಮತ್ತು ಅದನ್ನು ಓದುವವನ ಮನಸ್ಸು. ಕಡಿಮೆ ಅಂಕಿಗೇ ಹಣ ಕೊಡುತ್ತೇವೆಂದು ಸಾವಿರಾರು ಜನ ಒಟ್ಟಾಗಿ ಹೇಳಿದಾಗ ಲ್ಯಾಪ್‌ಟಾಪಿನವನಿಗೆ ಕೆಲಸ ಕೊಟ್ಟವರು ನಾವೇ ಆಗಿರುತ್ತೇವೆ. ದೊಡ್ಡ ಅಂಕಿಯನ್ನು ನೇರವಾಗಿ ಹೇಳಿದವರು ಎದುರು ಸಿಕ್ಕಾಗ ಬಾನೆಟ್ಟು ತೆಗೆಸಿ, ಎಂಜಿನ್ನಿನ ಸದ್ದು ಕೇಳಿ, ನೋಟ್‌ಬುಕ್ಕು ಓದಿ ಬೆಲೆ ಕಟ್ಟುವುದು ದಾನವಲ್ಲ, ಉಪಕಾರವೂ ಅಲ್ಲ. ಮುಂದಿನ ಗಿರಾಕಿಗೂ ಒಬ್ಬರು ನಿಜ ಹೇಳಲಿ ಎಂದು ಮಾಡಿಡುವ ಸಣ್ಣ ಏರ್ಪಾಡು.