ಎರಡು ಖರ್ಜೂರ, ಒಂದು ಪೆಟ್ಟಿಗೆ

ಹಸಿದ ಮನುಷ್ಯನೊಬ್ಬನ ಮುಂದೆ ಎರಡು ಖರ್ಜೂರಗಳಿವೆ. ಗಾತ್ರ, ಬಣ್ಣ, ಕೈಗೆಟುಕುವ ದೂರ ಎಲ್ಲದರಲ್ಲೂ ಒಂದರಂತೆಯೇ ಇನ್ನೊಂದು. ಎರಡನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಅವನು ಯಾವುದನ್ನು ಎತ್ತಿಕೊಳ್ಳುತ್ತಾನೆ, ಯಾಕೆ? ಒಂಬೈನೂರು ವರ್ಷಗಳಿಗೂ ಹಿಂದೆ ಇಮಾಮ್ ಗಝಾಲಿ ತಮ್ಮ ‘ತಹಾಫುತುಲ್ ಫಲಾಸಿಫಾ’ ಗ್ರಂಥದಲ್ಲಿ ಮುಂದಿಟ್ಟ ಪ್ರಶ್ನೆ ಇದು. ಕಾರಣವಿಲ್ಲದೆ ಆಯ್ಕೆಯೇ ಇಲ್ಲ ಎನ್ನುವ ತತ್ತ್ವಜ್ಞಾನಿಗಳ ಮಾತು ನಿಜವಾದರೆ ಆ ಬಡಪಾಯಿ ಖರ್ಜೂರಗಳನ್ನು ನೋಡುತ್ತಲೇ ಉಪವಾಸ ಕೂರಬೇಕಾಗುತ್ತದೆ. ಆದರೆ ಯಾರೂ ಹಾಗೆ ಕೂರುವುದಿಲ್ಲ, ಒಂದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಂದೇ ಬಗೆಯ ಎರಡರಲ್ಲಿ ಒಂದನ್ನು ಬೇರ್ಪಡಿಸಿ ಹಿಡಿಯುವ ಶಕ್ತಿಗೇ ಇರಾದೆ ಎಂದು ಹೆಸರು ಎನ್ನುವುದು ಗಝಾಲಿಯವರ ವಾದ. ಅವರಿಗಿದ್ದದ್ದು ಸೃಷ್ಟಿಯ ಚಿಂತೆ. ಜಗತ್ತು ಆ ಕ್ಷಣದಲ್ಲೇ ಯಾಕೆ ಉಂಟಾಯಿತು, ಅದಕ್ಕಿಂತ ಮೊದಲು ಯಾಕಲ್ಲ ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕುತ್ತಿದ್ದರು. ನಮಗೆ ಅದು ನೆನಪಾದದ್ದು ಮಾತ್ರ ಸಾಗರದ ಪೇಟೆಯ ಒಂದು ಅಂಗಡಿಯಲ್ಲಿ, ಎಚ್‌ಡಿ ಸೆಟ್‌ಟಾಪ್ ಬಾಕ್ಸ್‌ಗಳ ಮುಂದೆ ನಿಂತಾಗ.

2017ರ ಜೂನ್ ತಿಂಗಳು, ಈದ್ ಹತ್ತಿರವಾಗಿತ್ತು. ಮನೆಗೆ ದೊಡ್ಡ ಟೀವಿ ಬಂದಿತ್ತು. ದೊಡ್ಡ ಟೀವಿಗೆ ಹಳೆಯ ಬಾಕ್ಸ್ ಹಾಕಿದರೆ ಚಿತ್ರ ಮಸುಕು, ಎಚ್‌ಡಿಯೇ ಬೇಕು ಎಂದು ಟೀವಿ ಮಾರಿದವನೇ ಹೇಳಿ ಕಳಿಸಿದ್ದ. ಎಚ್‌ಡಿ ಎಂಬ ಮಾತು ನಮ್ಮ ಕಡೆ ಮೊದಲು ಕಿವಿಗೆ ಬಿದ್ದದ್ದು 2010ರಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಆ ರೀತಿಯಲ್ಲಿ ಪ್ರಸಾರ ಮಾಡಿದಾಗ. ಸಾಮಾನ್ಯ ಚಿತ್ರ 576 ಗೆರೆಗಳಲ್ಲಿ ಬಂದರೆ ಇದು 1080 ಗೆರೆಗಳಲ್ಲಿ ಬರುತ್ತದೆ, ವ್ಯತ್ಯಾಸ ಇಷ್ಟೇ. ಆದರೆ ಅಂಗಡಿಯಲ್ಲಿ ನಿಂತಾಗ ಅದು ಇಷ್ಟೇ ಆಗಿ ಉಳಿಯಲಿಲ್ಲ. ಆಗ ದೇಶದಲ್ಲಿ ಆರು ಖಾಸಗಿ ಡಿಟಿಎಚ್ ಕಂಪನಿಗಳಿದ್ದವು. ಅಂಗಡಿಯವನ ಬಳಿ ಮೂರು ಕಂಪನಿಗಳ ಬಾಕ್ಸ್‌ಗಳಿದ್ದವು. ಮೂರೂ ಕಪ್ಪು ಬಣ್ಣ, ಮೂರೂ ಒಂದು ಪುಸ್ತಕದಷ್ಟು ಗಾತ್ರ, ಬೆಲೆಯಲ್ಲಿ ನೂರಿನ್ನೂರರ ಅಂತರ. ಒಂದರಲ್ಲಿ ಕನ್ನಡದ ಎಚ್‌ಡಿ ವಾಹಿನಿ ಒಂದು ಕಡಿಮೆ, ಇನ್ನೊಂದರಲ್ಲಿ ಕ್ರೀಡಾ ವಾಹಿನಿ ಒಂದು ಹೆಚ್ಚು. ರೆಕಾರ್ಡ್ ಆಗುವುದು ಒಂದು, ಆಗದ್ದು ಇನ್ನೊಂದು, ಪೆನ್‌ಡ್ರೈವ್ ನಾವೇ ತಂದು ಹಾಕಿದರೆ ಆಗುವುದು ಮತ್ತೊಂದು. ಜೊತೆಗೆ ಒಂದು ಕಂಪನಿಯ ಬಾಕ್ಸ್ ಇನ್ನೊಂದರ ಸೇವೆಗೆ ಬಾರದು. ಬೇಸರವಾಗಿ ಕಂಪನಿ ಬದಲಾಯಿಸಿದರೆ ದುಡ್ಡು ಕೊಟ್ಟು ತಂದ ಪೆಟ್ಟಿಗೆ ಗುಜರಿಗೆ. (ಯಾವ ಬಾಕ್ಸ್ ಆದರೂ ಯಾವ ಕಂಪನಿಯ ಸೇವೆಗಾದರೂ ಒಗ್ಗುವಂತಿರಬೇಕು ಎಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ನಮ್ಮ ಬಾಕ್ಸ್‌ಗೆ ಅಷ್ಟು ಹೊತ್ತಿಗೆ ಮೂರು ವರ್ಷವಾಗಿತ್ತು.)

ಎರಡು ವಾರ ನಾವು ವಿಚಾರಣೆ ನಡೆಸಿದೆವು. ಕಂಡಕಂಡವರನ್ನೆಲ್ಲ ಕೇಳಿದೆವು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿರುವ ಬಾಕ್ಸೇ ಒಳ್ಳೆಯದೆಂದರು. ಯಾರೂ ಇನ್ನೊಂದನ್ನು ಬಳಸಿ ನೋಡಿದವರಲ್ಲ. ಕೊನೆಗೆ ಒಂದು ಸಂಜೆ ಮಳೆ ಜೋರಾಗುವ ಮೊದಲು ಮನೆ ಸೇರಬೇಕೆಂಬ ಆತುರದಲ್ಲಿ ನಡುವಿನ ಬಾಕ್ಸಿನ ಮೇಲೆ ಕೈಯಿಟ್ಟೆವು. ಗಝಾಲಿ ಹೇಳಿದ ಇರಾದೆ ಇದೇ ಇರಬೇಕು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮನೆಗೆ ಬಂದ ಕೂಡಲೇ ನಾವು ಮಾಡಿದ ಮೊದಲ ಕೆಲಸ, ಆ ಬಾಕ್ಸನ್ನೇ ಯಾಕೆ ತಂದೆವು ಎಂಬುದಕ್ಕೆ ಕಾರಣಗಳನ್ನು ಜೋಡಿಸಿದ್ದು. ಕೈ ಮೊದಲು ಹೋಗಿತ್ತು, ಕಾರಣಗಳು ಅದರ ಹಿಂದೆ ಓಡಿ ಬಂದವು.

ಕಂಪನಿಯ ಹುಡುಗ ಬಂದು ಮಾಳಿಗೆಯ ಮೇಲೆ ಡಿಶ್ ನಿಲ್ಲಿಸಿ, ಆಗ್ನೇಯದ ಆಕಾಶಕ್ಕೆ ಅದರ ಮುಖ ತಿರುಗಿಸಿ, ಹತ್ತು ನಿಮಿಷದಲ್ಲಿ ವೈರು ಸಿಕ್ಕಿಸಿ ಹೋದ. ಅವನಿಗೆ ಆ ದಿನ ಇನ್ನೂ ನಾಲ್ಕು ಮನೆ ಇತ್ತು. ಪರದೆಯ ಮೂಲೆಯಲ್ಲಿ ಎಚ್‌ಡಿ ಎಂಬ ಅಕ್ಷರ ಬೆಳಗಿತು. ನಾವು ಬೆರಗಾದೆವು. ಹೂವಿನ ಪಕಳೆಯ ಮೇಲಿನ ಹನಿ ನೋಡಿ, ಸೀರೆಯ ಜರಿ ನೋಡಿ, ಆಟಗಾರನ ಹಣೆಯ ಬೆವರು ನೋಡಿ ಎಂದು ಒಬ್ಬರಿಗೊಬ್ಬರು ತೋರಿಸಿದೆವು. ಬಂದ ನೆಂಟರಿಗೂ ತೋರಿಸಿದೆವು, ಅವರೂ ಹೌದೆಂದರು. ಅಮ್ಮಿ ಮಾತ್ರ ತಮ್ಮ ಉರ್ದು ವಾಹಿನಿಯ ಹಳೆಯದೊಂದು ಮುಶಾಯಿರಾ ನೋಡುತ್ತಾ, “ಸಬ್ ಲೋಗಾಂ ಮೋಟೇ ಹೋಗೈಂ ಕ್ಯಾ ರೇ?” ಎಂದರು. ಎಲ್ಲರೂ ದಪ್ಪಗಾಗಿದ್ದಾರಾ ಎಂದು. ನಾವು ನಕ್ಕೆವು. ಇದು ಎಚ್‌ಡಿ ಅಮ್ಮಿ, ಹೀಗೇ ಇರುವುದು ಎಂದೆವು.

ಬಕ್ರೀದಿಗೆ ಬೆಂಗಳೂರಿನಿಂದ ಬಂದ ತಂಗಿಯ ಮಗ ಟೀವಿಯ ಹಿಂದೆ ಕೈಹಾಕಿ ನೋಡಿ, “ಮಾಮೂ, ಇದು ಹಳದಿ-ಕೆಂಪು-ಬಿಳಿ ವೈರು. ಇದರಲ್ಲಿ ಎಚ್‌ಡಿ ಬರುವುದೇ ಇಲ್ಲ” ಎಂದ. ಆ ಮೂರು ಬಣ್ಣದ ವೈರಿನಲ್ಲಿ ಹಳೆಯ ಮಟ್ಟದ ಚಿತ್ರವಷ್ಟೇ ಹರಿಯಬಲ್ಲದು. ಎಚ್‌ಡಿಗೆ ಬೇಕಾದ ಎಚ್‌ಡಿಎಂಐ ವೈರು ಬಾಕ್ಸ್ ಬಂದ ರಟ್ಟಿನ ಡಬ್ಬದಲ್ಲೇ ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿತ್ತು. ಅಮ್ಮಿ ಕೇಳಿದ ಪ್ರಶ್ನೆಗೂ ಅವನೇ ಉತ್ತರ ಕೊಟ್ಟ. ಹಳೆಯ ಕಾರ್ಯಕ್ರಮಗಳ ಚಿತ್ರ ಚೌಕದ ಹತ್ತಿರದ್ದು, ಅಗಲಕ್ಕೂ ಎತ್ತರಕ್ಕೂ ನಾಲ್ಕಕ್ಕೆ ಮೂರರ ಅಳತೆ. ಹೊಸ ಪರದೆ ಹದಿನಾರಕ್ಕೆ ಒಂಬತ್ತು. ಟೀವಿ ಆ ಚೌಕವನ್ನು ಎರಡೂ ಕಡೆ ಎಳೆದು ತುಂಬಿಸುತ್ತಿತ್ತು. ಜನ ನಿಜವಾಗಿಯೂ ದಪ್ಪಗಾಗಿದ್ದರು.

ಹಾಗಾದರೆ ಎರಡು ತಿಂಗಳಿಗೂ ಹೆಚ್ಚು ಕಾಲ ನಾವು ನೋಡಿದ ಆ ಹನಿ, ಆ ಜರಿ, ಆ ಬೆವರು ಯಾವುದು? ಗಝಾಲಿಯವರೇ ಇನ್ನೊಂದು ಕೃತಿಯಲ್ಲಿ ಕಣ್ಣನ್ನು ನಂಬಬೇಡಿ ಎಂದಿದ್ದಾರೆ. ನೆರಳು ನಿಂತಿದೆ ಎನ್ನುತ್ತದೆ ಕಣ್ಣು, ಆದರೆ ನೆರಳು ಸರಿಯುತ್ತಲೇ ಇರುತ್ತದೆ. ನಕ್ಷತ್ರ ಒಂದು ದೀನಾರಿನಷ್ಟು ಕಾಣುತ್ತದೆ, ಲೆಕ್ಕ ಹಾಕಿದರೆ ಅದು ಭೂಮಿಗಿಂತ ದೊಡ್ಡದು. ಆದರೆ ನಮ್ಮ ಕಥೆಯಲ್ಲಿ ತಪ್ಪು ಕಣ್ಣಿನದಲ್ಲ ಅನ್ನಿಸುತ್ತದೆ. ಕಣ್ಣು ಇದ್ದದ್ದನ್ನೇ ನೋಡಿತ್ತು. ಕೊಟ್ಟ ದುಡ್ಡಿನ ಪರವಾಗಿ ಸಾಕ್ಷಿ ಹೇಳಲು ಅದನ್ನು ಎಳೆದು ತಂದವರು ನಾವು. ಮನೆಯಲ್ಲಿ ಸರಿಯಾಗಿ ಕಂಡದ್ದು ಎಪ್ಪತ್ತು ದಾಟಿದ, ಒಂದು ಕಣ್ಣಿಗೆ ಪೊರೆ ತೆಗೆಸಿಕೊಂಡಿದ್ದ ಅಮ್ಮಿಗೆ ಮಾತ್ರ. ಯಾಕೆಂದರೆ ಆ ಬಾಕ್ಸಿನಲ್ಲಿ ಅವರದು ಎಂಬ ಆಯ್ಕೆ ಏನೂ ಇರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ವೈರು ಬದಲಾಯಿತು. ಈಗ ಎಚ್‌ಡಿ ನಿಜವಾಗಿಯೂ ಬಂತು. ಆದರೆ ಅದರೊಂದಿಗೆ ಇನ್ನೊಂದು ಸಂಕಟವೂ ಬಂತು. ಟೀವಿಗೆ ಒಂದು ರಿಮೋಟ್, ಬಾಕ್ಸಿಗೆ ಒಂದು ರಿಮೋಟ್. ಟೀವಿಯ ರಿಮೋಟಿನಲ್ಲಿ ಬೆರಳು ತಪ್ಪಿ ಒಂದು ಬಟನ್ ಮೇಲೆ ಬಿದ್ದರೆ ಸಾಕು, ಅದು ಬಾಕ್ಸ್ ಇಲ್ಲದ ಬಾಗಿಲಿಗೆ ಹೋಗಿ ನಿಂತು, ನೀಲಿ ಪರದೆ ತೋರಿಸಿ ‘ನೋ ಸಿಗ್ನಲ್’ ಎನ್ನುತ್ತದೆ. ಮತ್ತೆ ಸರಿಯಾದ ಬಾಗಿಲಿಗೆ ತರುವುದು ಮಕ್ಕಳಿಗೆ ಎರಡು ಸೆಕೆಂಡಿನ ಕೆಲಸ. ಮಳೆ ಜೋರಾದರೆ ಬೇರೆಯೇ ಕಥೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರದಿಂದ ಇಳಿದು ಬಂದ ಅಲೆ ಕೊನೆಯ ಒಂದೆರಡು ಮೈಲಿಯಲ್ಲಿ ನಮ್ಮ ಮಲೆನಾಡಿನ ಮಳೆಹನಿಗಳಿಗೆ ಸಿಕ್ಕಿ ಸೋತುಹೋಗುತ್ತದೆ. ಅದಕ್ಕೆ ಮಾತ್ರ ಯಾರ ರಿಮೋಟೂ ಇಲ್ಲ.

ಒಂದು ದಿನ ಮಗಳು ಜ್ವರವೆಂದು ಶಾಲೆಯಿಂದ ಮಧ್ಯಾಹ್ನವೇ ಮನೆಗೆ ಬಂದಳು. ಅಮ್ಮಿ ತಸ್ಬೀಹ್ ಹಿಡಿದು ನೀಲಿ ಪರದೆಯ ಮುಂದೆ ಕೂತಿದ್ದರು. ಯಾಕೆ ದಾದಿ, ಏನಾಯ್ತು ಎಂದರೆ, “ಈಗಷ್ಟೇ ಹೋಯಿತಮ್ಮಾ, ಮಳೆಗೆ ಇರಬೇಕು” ಎಂದರಂತೆ. ರಾತ್ರಿ ಮಗಳು ನಮಗೆ ಹೇಳಿದಳು, ಹೊರಗೆ ಸುಡು ಬಿಸಿಲಿತ್ತು. ಆಮೇಲೆ ಕೆದಕಿ ಕೇಳಿದಾಗ ತಿಳಿಯಿತು, ಅಂಥ ಮಧ್ಯಾಹ್ನಗಳು ಎಷ್ಟೋ ಆಗಿದ್ದವು. ನಾವು ಕೆಲಸದಿಂದ ಬಂದು, “ಏನು ನೋಡಿದಿರಿ ಅಮ್ಮಿ?” ಎಂದು ಕೇಳುತ್ತಿದ್ದೆವು. “ಚೆನ್ನಾಗಿತ್ತು, ತುಂಬಾ ಸ್ವಚ್ಛ ಕಾಣುತ್ತದೆ” ಎನ್ನುತ್ತಿದ್ದರು. ಏನು ನೋಡಿದರು ಎನ್ನುವುದಕ್ಕೆ ಉತ್ತರ ಬರಲಿಲ್ಲವೆಂದು ನಮಗೆ ಒಂದು ಸಲವೂ ಹೊಳೆದಿರಲಿಲ್ಲ.

ಸುಳ್ಳು ಹೇಳಬಾರದೆಂದು ನಮಗೆ ಕಲಿಸಿದವರೇ ಅವರು. ಆದರೆ ಈ ಸುಳ್ಳನ್ನು ಯಾವ ಲೆಕ್ಕಕ್ಕೆ ಬರೆಯುವುದು? ಹಳೆಯ ವೈರಿನಲ್ಲಿ ಹೊಸ ಚಿತ್ರ ಕಂಡೆವೆಂದ ನಮ್ಮ ಸುಳ್ಳು ನಮ್ಮ ಜೇಬನ್ನು ಕಾಯುತ್ತಿತ್ತು. ಅವರದು ನಮ್ಮನ್ನು ಕಾಯುತ್ತಿತ್ತು. ಮಕ್ಕಳು ಇಷ್ಟು ದುಡ್ಡು ಹಾಕಿ ತಂದಿದ್ದಾರೆ, ಅದು ತನ್ನ ಕೈಯಲ್ಲಿ ನಡೆಯುವುದಿಲ್ಲವೆಂದು ಹೇಗೆ ಹೇಳುವುದು ಎಂಬ ಸಂಕೋಚ ಅದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನಮಗೆ ಮನಸ್ಸು ಬರುವುದಿಲ್ಲ. ಹಾಗೆಂದು ಅವರ ಸುಳ್ಳಿನಿಂದ ಯಾರಿಗೂ ನಷ್ಟವಾಗಲಿಲ್ಲ ಎನ್ನಲೂ ಆಗದು. ಅವರ ಎಷ್ಟೋ ಮಧ್ಯಾಹ್ನಗಳು ಅದರಲ್ಲಿ ಹೋದವು.

ಗಝಾಲಿಯ ಖರ್ಜೂರಗಳಿಗೆ ಮುಂದಿನ ಶತಮಾನದಲ್ಲಿ ಕಾರ್ಡೋಬಾದ ಇಬ್ನ್ ರುಶ್ದ್ ಉತ್ತರ ಕೊಟ್ಟರು. ಆ ಹಸಿದವನು ಒಂದು ಖರ್ಜೂರವನ್ನು ಇನ್ನೊಂದಕ್ಕಿಂತ ಮೇಲೆಂದು ಆರಿಸುತ್ತಿಲ್ಲ, ತಿನ್ನುವುದನ್ನು ತಿನ್ನದಿರುವುದಕ್ಕಿಂತ ಮೇಲೆಂದು ಆರಿಸುತ್ತಿದ್ದಾನೆ, ಯಾವುದು ಕೈಗೆ ಬಂದರೂ ಅವನ ಬಯಕೆ ತೀರುತ್ತದೆ ಎಂದರು. ಅಂಗಡಿಯಲ್ಲಿ ನಿಂತಾಗ ನಮಗೆ ಗಝಾಲಿ ನೆನಪಾದರು, ಇಬ್ನ್ ರುಶ್ದ್ ನೆನಪಾಗಲಿಲ್ಲ. ಎರಡು ವಾರ ಯಾವ ಬಾಕ್ಸ್ ಎಂದು ತಲೆ ಕೆಡಿಸಿಕೊಂಡವರು, ಯಾರಿಗೆ ಹಸಿವು ಎಂದು ಕೇಳಲಿಲ್ಲ. ಹಗಲೆಲ್ಲ ಮನೆಯಲ್ಲಿದ್ದು ಟೀವಿ ನೋಡುವವರು ಅಮ್ಮಿ ಒಬ್ಬರೇ. ಅವರು ನೋಡುವುದು ಎರಡೇ: 2006ರಿಂದ ಬರುತ್ತಿರುವ ದೂರದರ್ಶನದ ಉರ್ದು ವಾಹಿನಿ, ಮತ್ತು ಚಂದನದಲ್ಲಿ ‘ಥಟ್ ಅಂತ ಹೇಳಿ’. ಎರಡೂ ಬರುತ್ತಿದ್ದದ್ದು ಹಳೆಯ 576 ಗೆರೆಗಳಲ್ಲೇ.

2019ರ ಫೆಬ್ರವರಿಯಲ್ಲಿ ಹೊಸ ದರದ ನಿಯಮ ಬಂದಾಗ ಇದು ಇನ್ನೂ ಸ್ಪಷ್ಟವಾಯಿತು. ಬೇಕಾದ ವಾಹಿನಿಗಳನ್ನು ನೀವೇ ಆರಿಸಿಕೊಳ್ಳಿ, ಆರಿಸಿದ್ದಕ್ಕಷ್ಟೇ ದುಡ್ಡು ಕೊಡಿ ಎಂದಿತು ಟ್ರಾಯ್. ನೂರು ವಾಹಿನಿಗಳವರೆಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಒಂದೊಂದು ವಾಹಿನಿಗೆ ಬೇರೆ ಬೆಲೆ, ಒಂದು ಎಚ್‌ಡಿ ವಾಹಿನಿ ಎರಡಕ್ಕೆ ಸಮ. ನಾವು ಊಟದ ದಸ್ತರ್‌ಖಾನಿನ ಮೇಲೆ ಕಾಗದ ಹರಡಿ ಮೂರು ರಾತ್ರಿ ಜಗಳವಾಡಿದೆವು. ಮಗನಿಗೆ ಕ್ರಿಕೆಟ್, ಮಗಳಿಗೆ ಕಾರ್ಟೂನು, ನಮಗೆ ಸುದ್ದಿ. ಮೊತ್ತ ಹಿಂದಿನದಕ್ಕಿಂತ ಹೆಚ್ಚಾಗುತ್ತಾ ಹೋಯಿತು. ಕೊನೆಗೆ ಕಂಪನಿಯವರೇ ಕಟ್ಟಿಕೊಟ್ಟ ಒಂದು ಗುಚ್ಛಕ್ಕೆ ಹೂಂ ಎಂದೆವು. ಆರಿಸಿಕೊಳ್ಳುವ ಸ್ವಾತಂತ್ರ್ಯ ಕೈಗೆ ಬಂದದ್ದೇ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ನಿಟ್ಟುಸಿರು ಬಿಟ್ಟೆವು. ಅಮ್ಮಿಯ ಎರಡೂ ವಾಹಿನಿಗಳಿಗೆ ಆ ಪಟ್ಟಿಯಲ್ಲಿ ಬೆಲೆಯೇ ಇರಲಿಲ್ಲ, ಬಿಟ್ಟಿ.

ಆ ವರ್ಷವೇ ಅಟ್ಟದಿಂದ ಹಳೆಯ ಟೀವಿ ಇಳಿಸಿ ಅಮ್ಮಿಯ ಕೋಣೆಯಲ್ಲಿಟ್ಟೆವು. ದೂರದರ್ಶನದ ಫ್ರೀ ಡಿಶ್ ಹಾಕಿಸಿದೆವು, ತಿಂಗಳಿಗೆ ಏನೂ ಕೊಡಬೇಕಿಲ್ಲ. ಗೋಡೆಯ ಸ್ವಿಚ್ ಒಂದನ್ನು ಹಾಕಿದರೆ ಟೀವಿ, ಬಾಕ್ಸ್ ಎರಡೂ ಒಟ್ಟಿಗೆ ಹೊತ್ತಿಕೊಳ್ಳುವ ಹಾಗೆ ಮಾಡಿ, ಟೀವಿಯ ರಿಮೋಟನ್ನು ಬೀರುವಿನಲ್ಲಿ ಮುಚ್ಚಿಟ್ಟೆವು. ಬಾಕ್ಸಿನ ರಿಮೋಟಿನಲ್ಲಿ ಅವರಿಗೆ ಬೇಕಾದ ಬಟನ್‌ಗಳ ಮೇಲೆ ಮಗಳು ಉಗುರು ಬಣ್ಣದ ಚುಕ್ಕೆ ಇಟ್ಟಳು. ಪರದೆ ಚೌಕವಾಗಿದೆ, ಶಾಯರರು ತೆಳ್ಳಗಾಗಿದ್ದಾರೆ. ಮಳೆ ಬಂದರೆ ಅದೂ ಹೋಗುತ್ತದೆ. ಆಗ ಅಮ್ಮಿ ಮಳೆ ಬಂತೆಂದು ಹೇಳಿದರೆ ನಾವು ಕಿಟಕಿಯಾಚೆ ಇಣುಕಿ ನೋಡುವುದನ್ನು ಇನ್ನೂ ಬಿಟ್ಟಿಲ್ಲ.

ಮೊನ್ನೆ ಪೇಟೆಗೆ ಹೋದಾಗ ಅಂಗಡಿಯವನು ಫೋರ್-ಕೆ ಬಾಕ್ಸ್ ಇದೆ, ನಿಮ್ಮದು ಹಳತಾಯಿತಲ್ಲ ಎಂದ. ಮನೆಗೆ ಬಂದು ಈ ಸಲ ಮೊದಲು ಅಮ್ಮಿಯನ್ನೇ ಕೇಳಿದೆವು, ತರೋಣವೇ ಎಂದು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, “ತುಮ್ನಾ ಹೋನಾ ಕ್ಯಾ?” ಎಂದರು. ನಿಮಗೆ ಬೇಕಾ ಎಂದು. ನಾವು ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.