ರಂಗದ ಮೇಲಣ ಕೊಲೆಯೂ ಪ್ರೇಕ್ಷಕನ ಧರ್ಮವೂ

ನಾಟಕಾರಂಭಕ್ಕೆ ಮುನ್ನ ಸೂತ್ರಧಾರನು ಬಂದು ಕವಿಯನ್ನೂ ಕೃತಿಯನ್ನೂ ಹೊಗಳಿ ಸಭಿಕರ ಚಿತ್ತವನ್ನು ಅತ್ತ ಸೆಳೆಯುವುದಕ್ಕೆ ನಮ್ಮ ಲಾಕ್ಷಣಿಕರು ‘ಪ್ರರೋಚನೆ’ ಎಂದು ಹೆಸರಿಟ್ಟಿರುವರು. ಈಗ ಆ ಕೆಲಸವನ್ನು ಭಿತ್ತಿಪತ್ರಗಳೂ ವೃತ್ತಪತ್ರಿಕೆಗಳೂ ಕೈಯಲ್ಲಿ ಹಿಡಿದ ಫೋನುಗಳೂ ವಹಿಸಿಕೊಂಡಿವೆ. ಬರುವ ತಿಂಗಳಲ್ಲಿ ನಡೆಯತಕ್ಕ ನಾಟಕಗಳ ಪಟ್ಟಿಯನ್ನು ತೆಗೆದು ನೋಡಿದರೆ ಅನೇಕ ವೇಳೆ ಅದರಲ್ಲಿ ಒಂದೆರಡಾದರೂ ‘ಥ್ರಿಲ್ಲರ್’ ಎಂಬ ಮುದ್ರೆಯನ್ನು ಹೊತ್ತಿರುತ್ತವೆ. ಕೊಲೆಯೊಂದು ನಡೆಯುವುದು, ಕೊಂದವರಾರೆಂಬುದು ಕಡೆಯವರೆಗೂ ತಿಳಿಯದು, ಅಷ್ಟರೊಳಗೆ ನಿಮ್ಮ ಎದೆ ನೂರು ಸಲ ಝಲ್ಲೆನ್ನುವುದು ಎಂಬುದೇ ಅವುಗಳ ಪ್ರರೋಚನೆ. ನಮ್ಮ ಸ್ನೇಹಿತರಾದ ಗೃಹಸ್ಥರೊಬ್ಬರು ತಮ್ಮ ಮನೆಯ ಹುಡುಗರು ಇಂಥದೊಂದು ನಾಟಕಕ್ಕೆ ಟಿಕೆಟ್ಟು ಕೊಂಡುದನ್ನು ಕಂಡು, “ಮೇಷ್ಟ್ರೇ, ಕೊಲೆಯನ್ನು ವಿನೋದಕ್ಕಾಗಿ ನೋಡುವುದು ಸರಿಯೇ? ಮಕ್ಕಳನ್ನು ಕರೆದುಕೊಂಡು ಹೋಗಬಹುದೆ?” ಎಂದು ಕೇಳಿದರು. ಪ್ರಶ್ನೆ ಅವರೊಬ್ಬರದೇ ಅಲ್ಲವಾದಕಾರಣ ಅದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡುವೆನು.

ಮೊದಲು ಆ ಮಾತಿನ ಅರ್ಥವನ್ನೇ ನೋಡೋಣ. ಥ್ರಿಲ್ಲರ್ ಎಂದರೆ ರೋಮಾಂಚವನ್ನು ಉಂಟುಮಾಡುವುದು. ಭರತಮುನಿಯು ಎಣಿಸಿದ ಎಂಟು ಸಾತ್ತ್ವಿಕಭಾವಗಳಲ್ಲಿ ರೋಮಾಂಚವೂ ಒಂದು. ಅದು ಭಯದಿಂದಲೂ ಹರ್ಷದಿಂದಲೂ ಬರುವುದು; ಚಳಿಯಿಂದಲೂ ರೋಗದಿಂದಲೂ ಬರುವುದು. ಚಳಿಜ್ವರದಲ್ಲಿ ಮೈ ನವಿರೇಳುವುದಕ್ಕೆ ಯಾರೂ ಟಿಕೆಟ್ಟು ಕೊಳ್ಳುವುದಿಲ್ಲ. ಎಂದಮೇಲೆ ರೋಮಾಂಚವು ಒಳಗಿನ ಭಾವಕ್ಕೆ ಹೊರಗಿನ ಗುರುತು ಮಾತ್ರ, ಅದೇ ಗಮ್ಯವಲ್ಲ. ಶಾಕುಂತಲದ ಮೊದಲಲ್ಲಿ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನೇ ಅಭಿನವಗುಪ್ತಾಚಾರ್ಯರು ಭಯಾನಕರಸಕ್ಕೆ ಉದಾಹರಣೆಯಾಗಿ ತೆಗೆದುಕೊಂಡಿದ್ದಾರೆ. ಆ ಭಯವು ನನ್ನದೂ ಅಲ್ಲ, ನನ್ನ ಶತ್ರುವಿನದೂ ಅಲ್ಲ, ಇಂಥವರದೆಂಬ ಗಡಿಯನ್ನೇ ದಾಟಿದ ಭಯ, ಆದುದರಿಂದಲೇ ಆಸ್ವಾದ್ಯ. ಆದರೂ ಒಂದು ಮಾತನ್ನು ಗಮನಿಸಬೇಕು. ಆ ರಸವನ್ನು ಸವಿಯುವಾಗ ನಮ್ಮ ಕಣ್ಣು ಜಿಂಕೆಯ ಮೇಲಿರುತ್ತದೆ, ಬಿಲ್ಲಿನ ಮೇಲಲ್ಲ.

ಇನ್ನು ಶಾಸ್ತ್ರಪ್ರಿಯರ ಆಕ್ಷೇಪಣೆ: ಯುದ್ಧ, ರಾಜ್ಯಭ್ರಂಶ, ಮರಣ ಇವುಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಕೂಡದು, ಪ್ರವೇಶಕಾದಿಗಳಿಂದ ಸೂಚಿಸತಕ್ಕದ್ದು ಎಂದು ನಾಟ್ಯಶಾಸ್ತ್ರವೇ ಹೇಳಿರುವಾಗ ವಿಚಾರಕ್ಕೆ ಎಡೆಯೆಲ್ಲಿ ಎಂದು. ಗ್ರೀಕರೂ ಬಹುಮಟ್ಟಿಗೆ ಕೊಲೆಯನ್ನು ಬಾಗಿಲ ಹಿಂದೆಯೇ ಮುಗಿಸಿ, ದೂತನ ಬಾಯಿಂದ ಹೇಳಿಸುತ್ತಿದ್ದರು. ಆದರೆ 1912ರಿಂದ ತಿರುವನಂತಪುರದಲ್ಲಿ ಗಣಪತಿಶಾಸ್ತ್ರಿಗಳು ಪ್ರಕಟಿಸಿದ ಭಾಸನಾಟಕಗಳನ್ನು ಓದಿದವರು ಈ ವಾದವನ್ನು ಅಷ್ಟು ಜೋರಾಗಿ ಮಾಡಲಾರರು. ‘ಪ್ರತಿಮಾನಾಟಕ’ದಲ್ಲಿ ದಶರಥನೂ ‘ಊರುಭಂಗ’ದಲ್ಲಿ ದುರ್ಯೋಧನನೂ ನಮ್ಮ ಕಣ್ಣೆದುರಿನಲ್ಲಿಯೇ ಪ್ರಾಣಬಿಡುತ್ತಾರೆ. ಶಾಸ್ತ್ರವನ್ನು ಮುಂದಿಟ್ಟು ಪತ್ತೇದಾರಿ ನಾಟಕಗಳನ್ನು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ.

ಗುಟ್ಟನ್ನಿಟ್ಟು ಕುತೂಹಲ ಕೆರಳಿಸುವುದೇ ಕೀಳು ಎನ್ನುವವರಿಗೂ ಇದೇ ಉತ್ತರ. ‘ಮುದ್ರಾರಾಕ್ಷಸ’ದ ಮೊದಲಂಕದಲ್ಲಿ ಚಾಣಕ್ಯನು ಒಂದು ಪತ್ರವನ್ನು ಬರೆಯಿಸಿ, ಮಾಡಬೇಕಾದ ಕಾರ್ಯವನ್ನು ಸಿದ್ಧಾರ್ಥಕನ ಕಿವಿಯಲ್ಲಿ ಹೇಳುವನು. ನಮ್ಮ ಕಿವಿಗೆ ಅದು ಬೀಳುವುದಿಲ್ಲ. ಆ ಪತ್ರದ ವಿಷಯ ನಮಗೆ ತಿಳಿಯುವುದು ಐದನೆಯ ಅಂಕದಲ್ಲಿ. ಉಂಗುರ, ಬೇಹುಗಾರರು, ವಿಷಕನ್ಯೆ, ಕೂಟಲೇಖ ಎಲ್ಲವೂ ಅಲ್ಲಿವೆ. ಈ ಕಥೆ ನಮ್ಮ ಜನಕ್ಕೆ ಎಷ್ಟು ಹಿಡಿಸಿತೆಂಬುದಕ್ಕೆ 1823ರಲ್ಲಿ ಕೆಂಪುನಾರಾಯಣನು ಬರೆದ ‘ಮುದ್ರಾಮಂಜೂಷ’ವೇ ಸಾಕ್ಷಿ. ನಿರ್ವಹಣಸಂಧಿಯಲ್ಲಿ ಅದ್ಭುತವಿರಬೇಕೆಂದು ಭರತನೇ ವಿಧಿಸಿದ್ದಾನೆ. ಆದುದರಿಂದ ಕೊನೆಯಲ್ಲಿ ಬೆರಗಾಗುವುದನ್ನು ನಾವು ಇಂಗ್ಲೆಂಡಿನಿಂದ ಕಲಿಯಬೇಕಾಗಿರಲಿಲ್ಲ.

ಹಾಗಾದರೆ ಶಂಕೆಯೆಲ್ಲಿ? ಅದನ್ನು ತಿಳಿಯಲು ಈ ಜಾತಿಯಲ್ಲಿ ಅತ್ಯಂತ ಪ್ರಸಿದ್ಧವಾದುದನ್ನೇ ಎತ್ತಿಕೊಳ್ಳುವುದು ಉಚಿತ. ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ಲಂಡನ್ ನಗರದಲ್ಲಿ 1952ರ ನವೆಂಬರ್ 25ರಂದು ಮೊದಲಾಯಿತು. 1974ರಲ್ಲಿ ಪಕ್ಕದ ಸೇಂಟ್ ಮಾರ್ಟಿನ್ಸ್ ರಂಗಮಂದಿರಕ್ಕೆ ಬಂದಿತು. 2012ರಲ್ಲಿ 25,000 ಪ್ರದರ್ಶನಗಳನ್ನು ಪೂರೈಸಿತು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ನಿಂತುದು 2021ರ ಮೇ ತಿಂಗಳಲ್ಲಿ ಮತ್ತೆ ಆರಂಭವಾಯಿತು. ಹಿಮ ಬಿದ್ದು ದಾರಿಗಳೆಲ್ಲ ಕಟ್ಟಿಹೋದ ಒಂದು ವಸತಿಗೃಹ, ಅದರೊಳಗೆ ಪರಸ್ಪರ ಅಪರಿಚಿತರಾದ ಕೆಲವರು, ಒಂದು ಕೊಲೆ. ಆಟ ಮುಗಿದಮೇಲೆ, ಕೊಂದವರಾರೆಂಬುದನ್ನು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿಯ ಸಂಪ್ರದಾಯ. ನಾನೂ ಹೇಳುವುದಿಲ್ಲ.

ಅದರ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಕುವೆಂಪು ಅವರ ‘ರಕ್ತಾಕ್ಷಿ’ಗೆ ಮೂಲವಾದ ‘ಹ್ಯಾಮ್ಲೆಟ್’ ನಾಟಕದಲ್ಲಿ ರಾಜಕುಮಾರನು ತನ್ನ ತಂದೆಯ ಕೊಲೆಯನ್ನೇ ಹೋಲುವ ಒಂದು ನಾಟಕವನ್ನು ಆಡಿಸುವನು. ಕೊಂದ ಚಿಕ್ಕಪ್ಪನು ಪ್ರೇಕ್ಷಕರ ನಡುವೆ ಕುಳಿತಿರುವನು. ಆ ಆಟಕ್ಕೆ ರಾಜಕುಮಾರನು ಕೊಟ್ಟ ಹೆಸರು ಇಲಿಬೋನು. ಅಲ್ಲಿ ಬೋನನ್ನು ಒಡ್ಡಿದ್ದು ನೋಡುವವನಿಗೆ. ಕ್ರಿಸ್ಟಿಯವರ ಬೋನಿನಲ್ಲಾದರೋ ನೋಡುವವನೊಬ್ಬನು ಬಿಟ್ಟು ಮಿಕ್ಕವರೆಲ್ಲರೂ ಸಿಕ್ಕಿಬಿದ್ದಿದ್ದಾರೆ! ಅವನು ಹಾಯಾಗಿ ಕುಳಿತು ಒಬ್ಬೊಬ್ಬರನ್ನೂ ‘ಇವನಿರಬಹುದೆ, ಇವಳಿರಬಹುದೆ’ ಎಂದು ಅಳೆಯುತ್ತಿರುವನು. ಮುದುಕಿಯ ಗೊಣಗಾಟ, ಹುಡುಗನ ನಗೆ, ಗಂಡಹೆಂಡಿರ ಮಾತು ಎಲ್ಲವೂ ಅವನಿಗೆ ಸುಳಿವುಗಳು. ಎರಡು ಗಂಟೆಯ ಕಾಲ ಮನುಷ್ಯರನ್ನು ಮನುಷ್ಯರೆಂದು ನೋಡದೆ ಸುಳಿವುಗಳೆಂದು ನೋಡುವ ಅಭ್ಯಾಸವಿದು.

ಇದರ ಹಿಂದೆ ಒಂದು ನಿಜವಾದ ಮರಣವೂ ಇದೆ. ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಒಂದು ಬೇಸಾಯದ ಮನೆಯಲ್ಲಿ, ಅಧಿಕಾರಿಗಳೇ ಪೋಷಣೆಗೆಂದು ಒಪ್ಪಿಸಿದ್ದ 12 ವರ್ಷದ ಬಾಲಕನೊಬ್ಬನು ಹೊಡೆತದಿಂದಲೂ ಅನಾದರಣೆಯಿಂದಲೂ 1945ರ ಜನವರಿಯಲ್ಲಿ ಸತ್ತನು. ದೇಶವೆಲ್ಲ ಕಳವಳಗೊಂಡಿತು; ಸರ್ಕಾರ ವಿಚಾರಣೆ ನಡೆಯಿಸಿತು; 1948ರ ಮಕ್ಕಳ ಕಾಯಿದೆಗೆ ಹಿನ್ನೆಲೆಯಾದ ಸಂಗತಿಗಳಲ್ಲಿ ಇದೂ ಒಂದು. ಕ್ರಿಸ್ಟಿಯವರು 1947ರಲ್ಲಿ ರೇಡಿಯೋಗಾಗಿ ಬರೆದ ಕಿರುನಾಟಕಕ್ಕೆ ಈ ದುರ್ಮರಣವೇ ಪ್ರೇರಣೆ. ಅದೇ ಬೆಳೆದು ಈ ನಾಟಕವಾಯಿತು. ಮಗುವಿನ ನೋವಿನ ನೆನಪು ನಾಟಕದೊಳಗೆ ಇಲ್ಲವೆಂದು ಹೇಳಲಾಗದು, ಇದೆ. ಆದರೆ ಮನೆಗೆ ಹಿಂದಿರುಗುವವರ ನಾಲಗೆಯ ಮೇಲೆ ಕೊನೆಯ ತಿರುವೇ ಇರುತ್ತದೆ. ಎಪ್ಪತ್ತು ವರ್ಷಗಳಿಂದಲೂ ಜನರು ಭಕ್ತಿಯಿಂದ ಕಾಪಾಡಿಕೊಂಡು ಬಂದಿರುವುದು ಕೊಲೆಗಾರನ ಹೆಸರನ್ನು! ಸತ್ತ ಹುಡುಗನ ಹೆಸರು ಎಷ್ಟು ಮಂದಿಗೆ ಗೊತ್ತು?

ನಮ್ಮ ಶೂದ್ರಕನೂ ‘ಮೃಚ್ಛಕಟಿಕ’ದಲ್ಲಿ ಕೊಲೆಯ ವ್ಯವಹಾರವನ್ನೇ ತಂದಿದ್ದಾನೆ. ಬಂಡಿ ಅದಲುಬದಲಾಗಿ ವಸಂತಸೇನೆ ಶಕಾರನ ಕೈಗೆ ಸಿಕ್ಕುವಳು. ಅವಳನ್ನು ಕೊಲ್ಲೆಂದು ಅವನು ವಿಟನಿಗೆ ಹೇಳಿದರೆ ವಿಟನು ಕಿವಿ ಮುಚ್ಚಿಕೊಳ್ಳುವನು. ದಾಸನಾದ ಚೇಟನೂ, ಯಜಮಾನನ ಅಧಿಕಾರ ಎಲ್ಲಿಗೆ ಮುಗಿಯುವುದೆಂಬುದನ್ನು ತಿಳಿಸಿ, ಏಟು ತಿಂದೂ ನಿರಾಕರಿಸುವನು. ಕಡೆಗೆ ಶಕಾರನು ತಾನೇ ಅವಳ ಕೊರಳನ್ನು ಹಿಸುಕಿ, ಒಣಗಿದ ಎಲೆಗಳನ್ನು ಮುಚ್ಚಿ ಹೋಗುವನು. ಇಷ್ಟರವರೆಗೆ ಯಾವ ಥ್ರಿಲ್ಲರಿಗೂ ಕಡಮೆಯಿಲ್ಲ. ಆಮೇಲೆ ಕವಿ ಮಾಡುವುದೇನು? ಈಗಿನ ನಾಟಕಕಾರನು ಪ್ರಾಣಹೋದರೂ ಮಾಡದುದನ್ನು ಮಾಡುತ್ತಾನೆ: ಗುಟ್ಟನ್ನು ಬಿಟ್ಟುಕೊಡುತ್ತಾನೆ. ಅದೇ ಎಂಟನೆಯ ಅಂಕದಲ್ಲಿ ಭಿಕ್ಷುವೊಬ್ಬನು ಬಂದು, ಒದ್ದೆಯ ಬಟ್ಟೆಯನ್ನು ಹಿಂಡಿ ನೀರು ಕೊಟ್ಟು ಅವಳನ್ನು ಬದುಕಿಸುವನು. ಕೊಂದವನಾರೆಂಬುದೂ ನಮಗೆ ಗೊತ್ತು, ಅವಳು ಸಾಯಲಿಲ್ಲವೆಂಬುದೂ ಗೊತ್ತು. ಹೀಗೆ ಎಲ್ಲವನ್ನೂ ತಿಳಿದುಕೊಂಡು ನಾವು ಒಂಬತ್ತನೆಯ ಅಂಕದ ನ್ಯಾಯಸ್ಥಾನವನ್ನು ಹೊಗುತ್ತೇವೆ.

ಅಲ್ಲಿ ತಿಳಿಯದವರು ರಂಗದ ಮೇಲಿರುವವರು. ನಮ್ಮ ಗಮನಕ್ಕೆ ಪತ್ತೆಯ ಕೆಲಸವಿಲ್ಲವಾದ್ದರಿಂದ ಅದು ಮುಖಗಳ ಕಡೆಗೆ ತಿರುಗುವುದು. ಚಾರುದತ್ತನ ಮೇಲೆ ದೋಷ ಬರಬಾರದೆಂದು ಅಧಿಕರಣಿಕನು ಒಳಗೇ ಬೇಯುವುದು, ಮೈತ್ರೇಯನ ಕಂಕುಳಿನಿಂದ ಒಡವೆಗಳು ಜಾರಿ ಬಿದ್ದು ಗೆಳೆಯನಿಗೇ ಮೃತ್ಯುವಾಗುವುದು, ಮಗಳನ್ನು ಕಳೆದುಕೊಂಡೆನೆಂದು ನಂಬಿದ ಮುದುಕಿ ಆ ಚಾರುದತ್ತನೇ ಬದುಕಲೆಂದು ಬೇಡುವುದು. ಇದನ್ನೆಲ್ಲ ಸುಳಿವು ಹುಡುಕುವ ಕಣ್ಣಿನಿಂದ ನೋಡಲಾಗದು. ಶಂಕಿಸುವುದಕ್ಕೆ ಯಾರೂ ಉಳಿಯದ ಕಡೆಯಲ್ಲಿ ಮರುಗುವುದೊಂದೇ ನಮಗೆ ಉಳಿಯುವ ಕೆಲಸ. ಕೀಚಕನು ಸಾಯುವನೆಂದು ತಿಳಿದೇ ರಾತ್ರಿಯೆಲ್ಲ ಬಯಲಾಟದೆದುರು ಕೂರುವ ನಮ್ಮ ಹಳ್ಳಿಯವನಿಗೂ ಇದು ಗೊತ್ತು.

“ಹಗಲೆಲ್ಲ ದುಡಿದು ಬಂದವರಿಗೆ ಎರಡು ಗಂಟೆ ಚದುರಂಗದಂಥ ಆಟ ಬೇಡವೆ? ಎಲ್ಲರೂ ಯಾವಾಗಲೂ ಕರುಣದಲ್ಲಿಯೇ ಮುಳುಗಿರಬೇಕೆ?” ಎಂದು ತರುಣರು ಕೇಳುವರು. ನ್ಯಾಯವಾದ ಮಾತು. ಪತ್ತೇದಾರಿ ನಾಟಕಕ್ಕೆ ಇದಕ್ಕಿಂತ ಹೆಚ್ಚಿನ ಗುಣವೊಂದಿರುವುದನ್ನೂ ನಾನು ಹೇಳಲೇಬೇಕು. ಅದರಲ್ಲಿ ಒಬ್ಬನು ಸತ್ತರೆ ಎಲ್ಲ ಕೆಲಸಗಳೂ ನಿಲ್ಲುತ್ತವೆ; ಉತ್ತರ ದೊರೆಯುವವರೆಗೆ ಯಾರೂ ಮನೆಬಿಟ್ಟು ಹೋಗುವಂತಿಲ್ಲ. ದಿನಪತ್ರಿಕೆಯ ಮೂರನೆಯ ಪುಟದಲ್ಲಿ ಎರಡೆರಡು ಸಾಲಿನ ಮರಣಗಳನ್ನು ಕಾಫಿ ಆರುವುದರೊಳಗೆ ಓದಿ ಮಗುಚುವ ನಾವು, ಒಂದು ಸಾವಿಗೆ ಇಷ್ಟು ಲೆಕ್ಕ ಕೇಳುವ ನಾಟಕವನ್ನು ಹಗುರವೆಂದು ಹಳಿಯುವುದು ಅಷ್ಟು ಶೋಭಿಸದು. ಕೊರತೆಯೇನೆಂದರೆ, ಅದು ಲೆಕ್ಕವನ್ನೆಲ್ಲ ಕೊಂದವನ ಹೆಸರಿಗೇ ಬರೆಯುತ್ತದೆ. ಸತ್ತವನ ಪುಟ ಬರಿದಾಗಿರುತ್ತದೆ. ಆ ಪುಟವನ್ನು ನೋಡುವವನು ತುಂಬಬಲ್ಲನು. ಟಿಕೆಟ್ಟಿನ ಹಣದಲ್ಲಿ ಅದಕ್ಕೇನೂ ಅಡ್ಡಿಯಿಲ್ಲ.

ನಮ್ಮ ಸ್ನೇಹಿತರಿಗೆ ನಾನು ಹೇಳಿದುದು ಇಷ್ಟೆ: ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಬರುವ ದಾರಿಯಲ್ಲಿ ‘ಮೊದಲೇ ಊಹಿಸಿದವರು ಯಾರು’ ಎಂಬ ಪಂದ್ಯ ಮುಗಿದಮೇಲೆ, ಸತ್ತುಹೋದ ಆ ಮನುಷ್ಯನು ಎಂಥವನಾಗಿದ್ದನೆಂದು ಒಂದು ಮಾತು ಕೇಳಿ ನೋಡಿ. ಮಕ್ಕಳಿಗೆ ಉತ್ತರ ಹೊಳೆದರೆ ನಾಟಕವನ್ನು ಬರೆದವನು ಕೆಲಸ ಬಲ್ಲವನು. ಹೊಳೆಯದಿದ್ದರೆ, ಮುಂದಿನ ಸಲ ಬೇರೆ ನಾಟಕ.

ಆ ಬೇರೆ ನಾಟಕ ‘ಮೃಚ್ಛಕಟಿಕ’ವೇ ಆದರೆ ಹತ್ತನೆಯ ಅಂಕದ ಕೊನೆಯನ್ನು ಕಣ್ಣಿಟ್ಟು ನೋಡಬೇಕು. ವಸಂತಸೇನೆ ಬಂದು ಚಾರುದತ್ತನು ಉಳಿದಮೇಲೆ ಶಕಾರನು ಸಿಕ್ಕಿಬೀಳುವನು. ಚಾರುದತ್ತನ ಕೊರಳಿನಲ್ಲಿದ್ದ ವಧ್ಯಮಾಲೆಯನ್ನು ವಸಂತಸೇನೆ ತೆಗೆದು ಅವನ ಮೇಲೆ ಎಸೆಯುವಳು. ಇವನನ್ನು ಕೊಲ್ಲಿರೆಂದು ನೆರೆದ ಜನವೆಲ್ಲ ಕೂಗುವುದು. ಆ ಹೊತ್ತಿಗೆ ರಂಗದ ಕೆಳಗೆ ಕುಳಿತ ನಮ್ಮೊಳಗಿನ ಕೂಗೂ ಅದೇ ಆಗಿರುತ್ತದೆ. ಶಕಾರನು ಕಾಲಿಗೆ ಬೀಳುವನು. ಚಾರುದತ್ತನು ಅವನನ್ನು ಬಿಟ್ಟುಬಿಡಿರೆನ್ನುವನು.