ಸಾಕುವ ವಯಸ್ಸು

ನಾಯಿಯ ಮಾಲೀಕರು ನಾವು ಎಂದು ಕನ್ನಡದಲ್ಲಿ ಯಾರೂ ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ನಾಯಿ ಸಾಕಿದ್ದೇವೆ ಎನ್ನುತ್ತೇವೆ. ಮಕ್ಕಳನ್ನು ಸಾಕುವುದಕ್ಕೂ, ವಯಸ್ಸಾದ ತಂದೆತಾಯಿಯನ್ನು ಸಾಕುವುದಕ್ಕೂ ಇದೇ ಕ್ರಿಯಾಪದ. ಒಡೆತನಕ್ಕಿಂತ ಹೊಣೆಯನ್ನು ಹೇಳುವ ಮಾತು ಇದು. ಹಾಗಿದ್ದರೆ, ಹೊಣೆಯನ್ನು ಪೂರೈಸಲು ತನ್ನ ಆಯುಷ್ಯ ಸಾಲದೇ ಹೋಗಬಹುದು ಎಂದು ಗೊತ್ತಿರುವವರು ಅದನ್ನು ಹೊರಬಹುದೇ?

ಇದು ನನಗೆ ಸೆಮಿನಾರ್ ಕೋಣೆಯಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಸಾಗರದ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇರುವ ನನ್ನ ದೊಡ್ಡಪ್ಪ ಕಳೆದ ವರ್ಷ, ತಮ್ಮ 71ನೇ ವಯಸ್ಸಿನಲ್ಲಿ, ಪೇಟೆಯಿಂದ ಬರುವಾಗ ಒಂದು ಕಂತ್ರಿ ನಾಯಿಮರಿಯನ್ನು ಚೀಲದಲ್ಲಿ ಇಟ್ಟುಕೊಂಡು ಬಂದರು. ಕೊನೆಯ ನಾಯಿ ಸತ್ತ ಮೇಲೆ ‘ಇನ್ನು ಸಾಕು’ ಎಂದು ಹೇಳಿ 25 ವರ್ಷ ಆ ಮಾತನ್ನು ಪಾಲಿಸಿದ್ದವರು ಅವರು. ಫೋನಿನಲ್ಲಿ ಬಂಧುಗಳು ಕೇಳಿದ್ದು ಒಂದೇ: “ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕಿತ್ತು ಇದು?” ಲೆಕ್ಕ ಸರಳವಾಗಿತ್ತು. ಚೆನ್ನಾಗಿ ನೋಡಿಕೊಂಡ ನಾಯಿ 10ರಿಂದ 15 ವರ್ಷ ಬದುಕುತ್ತದೆ. ಆಗ ಅವರಿಗೆ 85 ದಾಟಿರಬಹುದು.

ಈ ಆಕ್ಷೇಪದಲ್ಲಿ ಎರಡು ಮಾತುಗಳು ಬೆರೆತಿವೆ. ಮೊದಲನೆಯದು, ಮುಪ್ಪು ಎಂದರೆ ಒಂದೊಂದೇ ಕೈಬಿಡುವ ಕಾಲ, ಹೊಸದನ್ನು ಹಚ್ಚಿಕೊಳ್ಳುವ ಕಾಲವಲ್ಲ ಎಂಬುದು. ಇದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಬದುಕಿರುವವರೆಗೂ ಬದುಕುವುದನ್ನು ಯಾರೂ ತಪ್ಪು ಎನ್ನಲಾಗದು. ಎರಡನೆಯದು ನಾಯಿಯ ಪರವಾದ ಮಾತು. ಮನುಷ್ಯ ಹೋದಮೇಲೆ ಅದು ಗೇಟಿನ ಬಳಿ ಕಾಯುತ್ತದೆ, ಅದಕ್ಕೆ ಸಾವನ್ನು ವಿವರಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ಇದಕ್ಕೆ ಉತ್ತರ ಕೊಡಲೇಬೇಕು.

ನಮ್ಮಲ್ಲಿ ನಾಯಿ ಮತ್ತು ಧರ್ಮ ಎಂದ ಕೂಡಲೇ ನೆನಪಾಗುವವನು ಮಹಾಪ್ರಸ್ಥಾನದ ಯುಧಿಷ್ಠಿರ. ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಏರಲಾರೆ ಎಂದವನು. ಆದರೆ ಆ ನಾಯಿ ಕೊನೆಗೆ ಧರ್ಮದೇವತೆಯಾಗಿ ಎದುರು ನಿಲ್ಲುತ್ತದೆ. ದೊಡ್ಡಪ್ಪನ ನಾಯಿ ನಾಯಿಯಾಗಿಯೇ ಉಳಿಯುತ್ತದೆ, ನಾಳೆ ಬೆಳಿಗ್ಗೆ ಅದಕ್ಕೆ ಹಸಿವಾಗುತ್ತದೆ. ತತ್ವಜ್ಞಾನಿ ಕಾಂಟ್ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ, ನಿಷ್ಠೆಯಿಂದ ದುಡಿದ ನಾಯಿಗೆ ವಯಸ್ಸಾದಾಗ ಒಡೆಯ ಅದನ್ನು ಸಾಯುವವರೆಗೂ ಇಟ್ಟುಕೊಳ್ಳಬೇಕು ಎಂದಿದ್ದ. ಅವನು ಯೋಚಿಸಿದ್ದು ಮುದಿ ನಾಯಿಯ ಬಗ್ಗೆ. ನಮ್ಮ ಮುಂದಿರುವುದು ಮುದಿ ಒಡೆಯ, ಎಳೆಯ ನಾಯಿ.

ಉತ್ತರದ ಜಾಡು ನನಗೆ ಸಿಕ್ಕಿದ್ದು ಒಂದು ಕಲ್ಲಿನಲ್ಲಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಾಸನ ಶಕ 872ರದ್ದು, ಅಂದರೆ ಕ್ರಿ.ಶ. 949-50ರದ್ದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಮಣಲೇರ ನೆನಪಿಗೆ ಕಲ್ಲು ನಿಲ್ಲಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ. ಭೂಮಿ ಬಿಟ್ಟುಕೊಟ್ಟ. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಭಾಗ. ತಾನು ಶಾಶ್ವತನಲ್ಲ ಎಂದು ಮಣಲೇರನಿಗೆ ಗೊತ್ತಿತ್ತು. ಆದ್ದರಿಂದ ಪ್ರೀತಿಯನ್ನು ತನ್ನ ಎದೆಯಲ್ಲಷ್ಟೇ ಇಟ್ಟುಕೊಳ್ಳದೆ ಅದಕ್ಕೊಂದು ಏರ್ಪಾಡು ಮಾಡಿದ. ಮಾತು ಕೊಡುವವನು ಅದು ಮುಗಿಯುವವರೆಗೂ ಬದುಕಿರಬೇಕಾಗಿಲ್ಲ, ಆ ಮಾತಿಗೆ ಬೇರೆ ಕೈಗಳನ್ನು ಹುಡುಕಿಕೊಟ್ಟಿರಬೇಕು. ಹುಡುಕದೆ ತಂದರೆ ತಪ್ಪು. ಆದರೆ ಆ ತಪ್ಪು ಮುದುಕರಿಗೆ ಮೀಸಲಲ್ಲ. ವರ್ಗಾವಣೆಯಾಯಿತು, ಹೊಸ ಫ್ಲ್ಯಾಟಿನಲ್ಲಿ ಬಿಡುವುದಿಲ್ಲ ಎಂದು ನಾಯಿಯನ್ನು ಬೀದಿಗೆ ಬಿಟ್ಟು ಹೋಗುವವರಲ್ಲಿ ಗಟ್ಟಿಮುಟ್ಟಾದ ಯುವಕರೂ ಇದ್ದಾರೆ. ಫೆಲೋಶಿಪ್ಪಿನ ಅವಧಿಯಾಚೆ ಏನೂ ಕಾಣದ ನನಗೂ 15 ವರ್ಷದ ಭರವಸೆಯನ್ನು ಯಾರೂ ಬರೆದುಕೊಟ್ಟಿಲ್ಲ.

ಇನ್ನು ಸಂತೋಷದ ವಿಷಯ. ದೊಡ್ಡಪ್ಪನ ಹರೆಯದಲ್ಲಿ ನಾಯಿ ಎಂದರೆ ಅಡಿಕೆ ತೋಟದ ಕಾವಲು. ಮಂಗ ಓಡಿಸಬೇಕು, ರಾತ್ರಿ ಬೊಗಳಬೇಕು, ಉಳಿದ ಅನ್ನ ತಿನ್ನಬೇಕು. ಚಿರತೆ ಹೊತ್ತುಕೊಂಡು ಹೋದರೆ ಇನ್ನೊಂದು ಮರಿ. ಈಗಿನದಕ್ಕೆ ಯಾವ ಕೆಲಸವೂ ಇಲ್ಲ. “ನಂಗೂ ಕೆಲಸ ಇಲ್ಲ, ಇದಕ್ಕೂ ಇಲ್ಲ. ಈಗ ನೋಡು, ನಾಯಿ ಅಂದ್ರೆ ಏನು ಅಂತ ಗೊತ್ತಾಗ್ತಾ ಉಂಟು ಮಾರಾಯ” ಎನ್ನುತ್ತಾರೆ. ಹಳೆಯ ಸುಖ ಮರಳಿ ಬಂದಿತು ಎನ್ನುವಂತಿಲ್ಲ. ಉಪಯೋಗದ ಲೆಕ್ಕ ಮುಗಿದ ಮೇಲೆ ಸಿಗುವ ಸಂತೋಷ ಇದು. ಅದು ಎಷ್ಟು ದಿನದ್ದು ಎಂದು ಗೊತ್ತಿರುವುದರಿಂದಲೇ ಅವರು ಬೆಳಗಿನ ಒಂದು ಸುತ್ತನ್ನೂ ತಪ್ಪಿಸುವುದಿಲ್ಲ.

ಈ ದೀಪಾವಳಿಗೆ ಹೋದಾಗ ಕೇಳಿದರು: “ನಾನು ಹೋದಮೇಲೆ ಇದನ್ನ ನೀನು ನೋಡ್ಕೋತೀಯಾ?” ನನ್ನ ಹಾಸ್ಟೆಲಿನಲ್ಲಿ ನಾಯಿಗೆ ಜಾಗವಿಲ್ಲ. ಸುಮ್ಮನೆ ಹೂಂ ಎನ್ನುವುದು ಸುಳ್ಳಾಗುತ್ತಿತ್ತು. “ಒಬ್ಬನ ಕೈಲಿ ಆಗಲ್ಲ ದೊಡ್ಡಪ್ಪ, ಹಂಚಿಕೊಳ್ಳೋಣ ಅಂದ್ರೆ ಹೂಂ ಅಂತೀನಿ” ಎಂದೆ. ಎರಡು ದಿನ ಕೂತು ಮಾತಾಡಿದೆವು. ಪಕ್ಕದ ಮನೆಯವರು ವಾರಕ್ಕೆರಡು ಸಲ ಈಗಿನಿಂದಲೇ ಅನ್ನ ಹಾಕುತ್ತಾರೆ, ಅವರ ಕೈಯೂ ಅದಕ್ಕೆ ಪರಿಚಯವಾಗಲಿ ಎಂದು. ಖರ್ಚಿಗೆ ಒಂದು ಸಣ್ಣ ಠೇವಣಿ. ಅದರ ಲೆಕ್ಕ ಮತ್ತು ಕಾಯಿಲೆ ಬಂದಾಗಿನ ಓಡಾಟ ನನ್ನದು.

ಮೊನ್ನೆ ರೇಬಿಸ್ ಲಸಿಕೆ ಹಾಕಿಸಿಕೊಂಡು ಬಂದು ಚೀಟಿಯ ಫೋಟೋ ಕಳಿಸಿದ್ದರು. ಒಡೆಯರ ಹೆಸರು ಎಂಬಲ್ಲಿ, ಜಾಗ ಸಾಲದೆ ಒತ್ತೊತ್ತಾಗಿ, ಮೂರು ಹೆಸರುಗಳಿದ್ದವು.